ಗೈಡ್ ಇದ್ದಾರಲ್ಲ, ಅಂತೀರಾ?

1/9

ಈ ಫೋಟೋ ಹಳೇದು. ಕಳೆದ ಜನವರಿಯಲ್ಲಿ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಲೈಕ್ ಕೊಟ್ಟಿದ್ರಿ, "ಲೈಫ್ ಅಂದ್ರೆ ಇದು ಗುರೂ" ಅಂತ ಕಾಮೆಂಟೂ ಹಾಕಿದ್ರಿ. ಇವತ್ತು ಮತ್ತೆ ಹಾಕ್ತಿದ್ದೀನಿ. ಈ ಸಲ ನನ್ನ ಮುಖ ನೋಡ್ಬೇಡಿ, ಹಿಂದೆ ಇರೋ ಬಿಳಿ ಇಳಿಜಾರು ನೋಡಿ.

ಉತ್ತರಾಖಂಡದ ಒಂದು ಸ್ನೋ ಟ್ರೆಕ್. ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಎರಡು ದಿನ ಬಿಡದೆ ಹಿಮ ಬಿದ್ದು ಅವತ್ತು ಬೆಳಿಗ್ಗೆ ನಿಂತಿತ್ತು. ಆಕಾಶ ನೀಲಿ. ನಾವು 38 ಜನ ಒಬ್ಬರ ಹಿಂದೆ ಒಬ್ಬರು ಆ ಇಳಿಜಾರನ್ನ ಅಡ್ಡ ದಾಟ್ತಾ ಇದ್ವಿ. ಅರ್ಧ ದಾರೀಲಿ ಒಂದು ಶಬ್ದ ಬಂತು. "ಧಪ್" ಅಂತ. ಅಟ್ಟದ ಮೇಲಿಂದ ಭತ್ತದ ಮೂಟೆ ಕೆಳಗೆ ಬಿದ್ದ ಹಾಗೆ. ಕಾಲ ಕೆಳಗಿನ ಹಿಮ ಒಂದಿಂಚು ಕುಸಿದ ಹಾಗೂ ಅನ್ನಿಸ್ತು. ಮುಂದಿದ್ದ ಗೈಡ್ ನಿಂತ, ತಲೆ ಎತ್ತಿ ಮೇಲೆ ನೋಡ್ದ, ಆಮೇಲೆ "ಚಲೋ, ಚಲೋ" ಅಂದ. ನಾವು ನಕ್ವಿ. ಇನ್ನೊಂದ್ ಸಲ ಬರ್ಲಿ, ರೆಕಾರ್ಡ್ ಮಾಡ್ತೀನಿ ಅಂತ ಒಬ್ಬ ಫೋನ್ ಹಿಡಿದು ಕಾದ. ಅದೇ ಜಾಗದಲ್ಲಿ ಗ್ರೂಪ್ ಫೋಟೋ ಆಯ್ತು.

ಆ ಶಬ್ದ ಏನು ಅಂತ ನನಗೆ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ, ಮನೇಲಿ ಕೂತು ಓದ್ತಾ ಇರುವಾಗ. ಓದಿದ ರಾತ್ರಿ ನಿದ್ದೆ ಬರ್ಲಿಲ್ಲ.

2/9

ಈಗ ಯಾಕೆ ಹೇಳ್ತಿದ್ದೀನಿ? ನಮ್ಮ ಕ್ಲಾಸ್ ಗ್ರೂಪಲ್ಲಿ ಹೋದ ವಾರ ಪೋಲ್ ಬಂತು. ಸೆಮಿಸ್ಟರ್ ರಜೆಗೆ ಸ್ನೋ ಟ್ರೆಕ್, ಯಾರ್ಯಾರು ಬರ್ತೀರಿ ಅಂತ. 14 ಜನ "ಯೆಸ್". ನಾನು ಮೂರು ಪ್ರಶ್ನೆ ಹಾಕಿದೆ. ಬಂದ ಉತ್ತರ: "ಗೈಡ್ ಇದ್ದಾರಲ್ಲ ಮಗಾ", "ಅಜ್ಜಿ ಥರ ಆಡ್ಬೇಡ", ಒಂದು ಕೋಳಿ ಸ್ಟಿಕರ್. ಸರಿ, ಗ್ರೂಪಲ್ಲಿ ಜಾಗ ಸಾಲಲ್ಲ, ಇಲ್ಲೇ ಬರೀತೀನಿ. ಉದ್ದ ಇದೆ. ಓದೋಕೆ ಟೈಮ್ ಇಲ್ಲದವರು ಟ್ರೆಕ್ಕಿಗೆ ಎಂಟು ದಿನ ಹೇಗೆ ಹೊಂದಿಸ್ತೀರೋ ನೋಡೋಣ.

ಮೊದಲು ಪದದ ತಕರಾರು ಮುಗಿಸ್ತೀನಿ. ನಮ್ಮ ಪೇಪರ್‌ಗಳಲ್ಲಿ ಹಿಮ ಬಿದ್ರೂ "ಹಿಮಪಾತ", ಹಿಮದ ಗುಡ್ಡವೇ ಜಾರಿ ಹತ್ತು ಜನ ಸತ್ರೂ "ಹಿಮಪಾತ". ಒಂದು ಶಿಮ್ಲಾದಲ್ಲಿ ಹನಿಮೂನ್ ಜೋಡಿ ಕುಣಿಯೋ ವಿಷಯ, ಇನ್ನೊಂದು ಸಾವು. ಎರಡಕ್ಕೂ ಒಂದೇ ಪದ ಇಟ್ಕೊಂಡ್ರೆ ಎರಡರ ನಡುವಿನ ಗೆರೆ ತಲೇಲಿ ಹೇಗೆ ಮೂಡುತ್ತೆ? ನಾನು ಇಲ್ಲಿ ಹಿಮಕುಸಿತ ಅಂತಲೇ ಬರೀತೀನಿ. ಕೊಡಗಿನವರಿಗೆ ಕುಸಿತ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

3/9

ಹಿಮಕುಸಿತ ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಯಾರೋ ಕೂಗಿದ್ದಕ್ಕೆ ಬೆಟ್ಟ ಉರುಳೋದಲ್ಲ. ಕೂಗಿದ್ರೆ ಏನೂ ಆಗಲ್ಲ. ಕಾಲಿಟ್ರೆ ಆಗುತ್ತೆ.

ಕಾಫಿ ಒಣಗಿಸೋ ಕಣ ನೆನಪಿಸ್ಕೊಳ್ಳಿ. ಕಣ ಸ್ವಲ್ಪ ಇಳಿಜಾರಾಗಿದೆ, ಒಣಗಿದ ಕಾಫಿ ಬೀಜ ಹರಡಿದೆ, ಅದರ ಮೇಲೆ ಒಂದು ದೊಡ್ಡ ಪ್ಲೈವುಡ್ ಹಲಗೆ ಇಟ್ಟಿದ್ದಾರೆ ಅನ್ಕೊಳ್ಳಿ. ಹಲಗೆ ಸುಮ್ನೆ ಕೂತಿರುತ್ತೆ. ನೀವು ಅದರ ಮೇಲೆ ಕಾಲಿಡಿ. ಹಿಮದಲ್ಲೂ ಹೀಗೇ. ಹಿಮ ಒಂದೇ ಮುದ್ದೆ ಅಲ್ಲ, ಪದರ ಪದರ. ತುಂಬಾ ಚಳಿ, ತೆಳು ಹಿಮ ಇದ್ದ ದಿನಗಳಲ್ಲಿ ಒಂದು ಪದರ ಸಕ್ಕರೆ ಹರಳಿನ ಥರ ಆಗಿಬಿಡುತ್ತೆ, ಒಂದಕ್ಕೊಂದು ಅಂಟಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಬಿಗಿಯಾಗಿ, ಹಲಗೆ ಥರ ಗಟ್ಟಿಯಾಗುತ್ತೆ. ನಡೆಯೋವ್ರ ಭಾರಕ್ಕೆ ಒಳಗಿನ ಸಕ್ಕರೆ ಪದರ ಕುಸಿದು ಕೂರುತ್ತೆ. ಆಗ ಬರೋ ಶಬ್ದವೇ "ಧಪ್". ಇಳಿಜಾರು ಸಾಕಷ್ಟು ಇದ್ರೆ ಇಡೀ ಹಲಗೆ ಕಿತ್ಕೊಂಡು ಹೊರಡುತ್ತೆ, ಮೇಲೆ ನಿಂತವರ ಸಮೇತ.

ಸಾಕಷ್ಟು ಅಂದ್ರೆ ಎಷ್ಟು? ಮುಖ್ಯವಾಗಿ 30ರಿಂದ 45 ಡಿಗ್ರಿ. ಗಮನಿಸಿ, ಇದು ಗೋಡೆ ಥರ ನಿಂತ ಬೆಟ್ಟ ಅಲ್ಲ. ಹೆಚ್ಚುಕಮ್ಮಿ ಹೆಂಚಿನ ಮನೆಯ ಮಾಡಿನ ಇಳಿಜಾರಿಂದ ಶುರು. ತೀರಾ ಕಡಿದಾದ ಕಡೆ ಹಿಮ ನಿಲ್ಲೋದೇ ಕಮ್ಮಿ. ನೋಡಿದ್ರೆ ಭಯ ಆಗದ, ಜಾರುಬಂಡಿ ಆಡೋಣ ಅನ್ನಿಸೋ, ರೀಲ್‌ಗೆ ಚೆಂದ ಕಾಣೋ ಇಳಿಜಾರೇ ಕೊಲ್ಲೋ ಇಳಿಜಾರು. ಮನರಂಜನೆಗೆ ಹೋದವರು ಸತ್ತ ಹಿಮಕುಸಿತಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತನ್ನ ಬಿಚ್ಚಿದ್ದು ಅದೇ ತಂಡದವರ ಕಾಲು. ಬೆಟ್ಟ ತಾನಾಗಿ ಮೈಮೇಲೆ ಬಿದ್ದದ್ದು ಅಪರೂಪ.

ನನ್ನ ಫೋಟೋದ ಇಳಿಜಾರನ್ನ ಆಮೇಲೆ ನಕ್ಷೆಯಲ್ಲಿ ಅಳೆದು ನೋಡಿದೆ. 34 ಡಿಗ್ರಿ.

4/9

"ಸಿಯಾಚಿನ್‌ನಲ್ಲಿ ಹನುಮಂತಪ್ಪ ಆರು ದಿನ ಬದುಕಿದ್ರಲ್ಲ?"

ಈ ಮಾತು ಗ್ರೂಪಲ್ಲಿ ಬಂದೇ ಬಂತು. ಬರುತ್ತೆ ಅಂತ ಗೊತ್ತಿತ್ತು. 2016ರ ಫೆಬ್ರವರಿ 3. ಸಿಯಾಚಿನ್‌ನ ಸೋನಂ ಪೋಸ್ಟ್, 19,600 ಅಡಿ ಎತ್ತರ, 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್, ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ಹನುಮಂತಪ್ಪ ಅವರನ್ನ ಆರು ದಿನದ ಮೇಲೆ ಜೀವಂತ ಹೊರತೆಗೆದರು. ಇಡೀ ದೇಶ ಕೈಮುಗೀತು. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಉಳಿದ ಒಂಬತ್ತು ಜನ ಯಾರೂ ಉಳೀಲಿಲ್ಲ. ನಮಗೆ ನೆನಪಿರೋದು ಆರು ದಿನ ಅನ್ನೋದು ಮಾತ್ರ. ಟೆಂಟಿನೊಳಗೆ ಗಾಳಿ ನಿಂತ ಜಾಗ ಇದ್ದದ್ದಕ್ಕೆ ಉಸಿರು ಉಳೀತು ಅಂತ ಆಗಲೇ ವರದಿಯಾಗಿತ್ತು. ಬಯಲಲ್ಲಿ ನಡೀತಾ ಹೂತುಹೋದ ನಿಮಗೆ ಆ ಟೆಂಟ್ ಇರಲ್ಲ.

ಅಲ್ಲಿ ಲೆಕ್ಕ ನಿಮಿಷದಲ್ಲಿ. ಹೂತ ಮೇಲೆ ಹತ್ತು, ಹದಿನೈದು ನಿಮಿಷದೊಳಗೆ ತೆಗೆದ್ರೆ ಹೆಚ್ಚಿನವರು ಬದುಕ್ತಾರೆ. ಅರ್ಧ ಗಂಟೆ ದಾಟಿದ್ರೆ ಮೂವರಲ್ಲಿ ಒಬ್ಬರು ಉಳಿದ್ರೆ ಪುಣ್ಯ. ನಿಂತ ಮೇಲೆ ಆ ಹಿಮ ಸಿಮೆಂಟ್ ಥರ ಬಿಗಿಯುತ್ತೆ, ಬೆರಳು ಅಲ್ಲಾಡ್ಸೋಕೂ ಆಗಲ್ಲ. ಹೆಲಿಕಾಪ್ಟರ್ ಬರೋದು ಗಂಟೆಗಳ ಮೇಲೆ. ಅಂದ್ರೆ ನಿಮ್ಮನ್ನ ಉಳಿಸೋಕೆ ಸಾಧ್ಯ ಇರೋದು ನಿಮ್ಮ ಪಕ್ಕ ನಡೀತಿದ್ದವನಿಗೆ ಮಾತ್ರ. ಅವನ ಹತ್ರ ಮೂರು ಸಾಮಾನು ಇರಬೇಕು: ಮೈಗೆ ಕಟ್ಟಿಕೊಳ್ಳೋ ಬೀಕನ್, ಚುಚ್ಚಿ ನೋಡೋ ಉದ್ದನೆ ಕೋಲು, ಸಲಿಕೆ. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಬಿಡ್ತಾ ಇರುತ್ತೆ. ಯಾರಾದ್ರೂ ಹೂತ್ರೆ ಉಳಿದವರು ತಮ್ಮದನ್ನ ಹುಡುಕೋ ಮೋಡ್‌ಗೆ ಹಾಕಿ ಹತ್ತಿರ ಹೋಗ್ಬೇಕು. ಮೂರರಲ್ಲಿ ಒಂದು ಇಲ್ಲದಿದ್ರೂ ಉಳಿದ ಎರಡು ಹೆಚ್ಚು ಉಪಯೋಗಕ್ಕೆ ಬರಲ್ಲ. ಮೂರೂ ಇದ್ದು ಅಭ್ಯಾಸ ಇಲ್ಲದಿದ್ರೂ ಅಷ್ಟೇ.

5/9

ಫೋಟೋ 5 ನೋಡಿ ನಗ್ಬೇಡಿ. ನಮ್ಮ ಬೀದಿಲಿ ಮನೆ ಕಟ್ತಿದ್ದಾರೆ, ಎಂ-ಸ್ಯಾಂಡ್ ರಾಶಿ ಬಿದ್ದಿದೆ. ಹೋದ ಭಾನುವಾರ ನಾನು, ನನ್ನ ತಮ್ಮ, ಪಕ್ಕದ್ಮನೆ ಅಣ್ಣ ಸೇರಿ 25 ಕೆಜಿ ಅಕ್ಕಿ ಮೂಟೆಯನ್ನ ಒಂದು ಮೀಟರ್ ಆಳಕ್ಕೆ ಹೂತ್ವಿ. ಮೇಸ್ತ್ರಿ ಬೈದ್ರು, ಅದು ಬೇರೆ ಕಥೆ. ಆಮೇಲೆ ಫೋನಲ್ಲಿ ಟೈಮರ್ ಹಾಕಿ ಅಗೆದ್ವಿ. ಮೂರು ಜನ, ಎರಡು ಸಲಿಕೆ. ಮೂಟೆ ಎಲ್ಲಿದೆ ಅಂತ ನಮಗೆ ಗೊತ್ತು. ಹೂತದ್ದೇ ನಾವು.

11 ನಿಮಿಷ.

ಅಗೆದಷ್ಟೂ ಮೇಲಿಂದ ಮರಳು ಜಾರಿ ಬರ್ತಿತ್ತು. ಮೇಲಿಂದ ನೇರ ಗುಂಡಿ ತೋಡಿದ್ದೇ ತಪ್ಪು. ಇಳಿಜಾರಿನ ಕೆಳಭಾಗದಿಂದ ಒಳಕ್ಕೆ ಅಗೀಬೇಕು, ಒಬ್ಬರು ಮುಂದೆ ಕಡೀತಾ, ಇನ್ನೊಬ್ಬರು ಹಿಂದೆ ಸರಿಸ್ತಾ, ಸುಸ್ತಾಗೋ ಮುಂಚೆ ಜಾಗ ಬದಲಾಯಿಸ್ತಾ. ಇದು ಗೊತ್ತಾದ ಮೇಲೆ ಎರಡನೇ ಸಲ ಮಾಡಿದ್ವಿ. 6 ನಿಮಿಷ. ಮರಳು ಹಿಮ ಅಲ್ಲ, ಕುಶಾಲನಗರದ ಬೀದಿ ಹಿಮಾಲಯ ಅಲ್ಲ, ಬೆರಳು ಮರಗಟ್ಟಿರಲಿಲ್ಲ, ಒಳಗಿದ್ದದ್ದು ನಮ್ಮ ಫ್ರೆಂಡ್ ಅಲ್ಲ. ಎಲ್ಲ ಒಪ್ತೀನಿ. ಆದ್ರೂ ಆ ಐದು ನಿಮಿಷದ ವ್ಯತ್ಯಾಸಕ್ಕೇ ತರಬೇತಿ ಅಂತ ಹೆಸರು.

ದುಬಾರೆಯಲ್ಲಿ ಲೈಫ್ ಜಾಕೆಟ್ ಇಲ್ಲದ ರಾಫ್ಟ್ ಹತ್ತೋಕೆ ನೀವು ಒಪ್ತೀರಾ? ಪಕ್ಕದವನ ಕೈಲಿ ಹುಟ್ಟು ಇಲ್ಲ ಅಂದ್ರೆ ಗಲಾಟೆ ಮಾಡಲ್ವಾ? ಅಲ್ಲಿಗೆ ಹೋದಾಗ ಮಾತ್ರ ಹಣೆಬರಹದ ಮೇಲೆ ಯಾಕಪ್ಪಾ ಇಷ್ಟು ನಂಬಿಕೆ!

6/9

"ಕಲಿತವರೇ ಸತ್ರಲ್ಲ, ಕಲಿತು ಏನು ಪ್ರಯೋಜನ?"

ಇದು ಸ್ಟಿಕರ್ ಅಲ್ಲ, ನಿಜವಾದ ಪ್ರಶ್ನೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಅಡ್ವಾನ್ಸ್ ಕೋರ್ಸ್ ತಂಡ ದ್ರೌಪದಿ ಕಾ ದಂಡಾ-2 ಶಿಖರದ ಹತ್ತಿರ ಹಿಮಕುಸಿತಕ್ಕೆ ಸಿಕ್ತು. 27 ಮೃತದೇಹ ಸಿಕ್ಕಿದವು, ಇಬ್ಬರು ಕಾಣೆ. ಅವರಲ್ಲಿ ಕರ್ನಾಟಕದ ಹುಡುಗರಿದ್ರು. ಬೋಧಕಿಯಾಗಿದ್ದ ಸವಿತಾ ಕನ್ಸ್‌ವಾಲ್ ಅದೇ ವರ್ಷ ಮೇನಲ್ಲಿ ಎವರೆಸ್ಟ್, ಮಕಾಲು ಎರಡನ್ನೂ 16 ದಿನದಲ್ಲಿ ಹತ್ತಿ ಬಂದಿದ್ದವರು. ಅವರಿಗಿಂತ ನಾವು ಗಟ್ಟಿಗರಾ?

ಇದರಿಂದ ಕಲಿಯೋದೇ ದಂಡ ಅನ್ನೋ ಉತ್ತರ ತೆಗೀಬೇಡಿ. ನಾನು ತೆಗೆದ ಉತ್ತರ ಬೇರೆ. ಹತ್ತೋದನ್ನ ಕಲಿಯೋದು ಒಂದು, ಹಿಮ ಓದೋದನ್ನ ಕಲಿಯೋದು ಇನ್ನೊಂದು. ನಮ್ಮಲ್ಲಿ ಎರಡನ್ನೂ ಒಂದೇ ಸರ್ಟಿಫಿಕೇಟಲ್ಲಿ ಸುತ್ತಿ ಕೊಡ್ತೀವಿ. 28 ದಿನದ ಬೇಸಿಕ್ ಕೋರ್ಸ್ ಒಳ್ಳೇದು. ಹಗ್ಗ, ಐಸ್ ಆಕ್ಸ್, ಬಂಡೆ ಹತ್ತೋದು, ಹಿಮನದಿ ಮೇಲೆ ನಡೆಯೋದು ಎಲ್ಲ ಇದೆ, ಹಿಮಕುಸಿತದ ಪಾಠವೂ ಇದೆ. ಆದ್ರೆ ಅಮೆರಿಕ, ಕೆನಡಾದಲ್ಲಿ ಹಿಮಕುಸಿತವೇ ಒಂದು ಪೂರ್ತಿ ವಿಷಯ. ಸುಮ್ನೆ ಸ್ಕೀ ಮಾಡೋಕೆ, ನಡೆಯೋಕೆ ಹೋಗೋರಿಗೂ ಎರಡು-ಮೂರು ದಿನದ ಕೋರ್ಸ್, ಹುಡುಕಿ ಅಗೆಯೋದಕ್ಕೆ ಇನ್ನೊಂದು ದಿನ. ಅದನ್ನೇ ಕೆಲಸ ಮಾಡ್ಕೊಂಡೋರಿಗೆ, ಅಂದ್ರೆ ಗೈಡ್, ಸ್ಕೀ ಗಸ್ತು, ರಸ್ತೆ ಹಿಮ ತೆಗೆಯೋರಿಗೆ ಬೇರೆಯದೇ ಮೆಟ್ಟಿಲು. ಗುಂಡಿ ತೋಡಿ ಪದರ ಪರೀಕ್ಷೆ ಮಾಡೋದು, ದಿನಾ ದಾಖಲೆ ಬರೆಯೋದು, ಬೇರೆಯವರ ಜೀವದ ಪರವಾಗಿ "ಇವತ್ತು ಬೇಡ" ಅನ್ನೋ ತೀರ್ಮಾನ ಮಾಡೋದು. ಅಮೆರಿಕದವರು 2017ರ ಸುಮಾರಿಗೆ ಈ ಎರಡು ದಾರಿಗಳನ್ನ ಪೂರ್ತಿ ಬೇರೆ ಮಾಡಿದ್ರು. ಪ್ರವಾಸಿಗೆ ಬೇಕಾದ ತಿಳುವಳಿಕೆ ಬೇರೆ, ಕೆಲಸಗಾರನಿಗೆ ಬೇಕಾದದ್ದು ಬೇರೆ ಅಂತ.

7/9

ಈಗ ನಮ್ಮ "ಗೈಡ್ ಇದ್ದಾರಲ್ಲ"ಗೆ ಬರ್ತೀನಿ. ನನ್ನ ಸಿಟ್ಟೆಲ್ಲ ಇಲ್ಲೇ ಇರೋದು.

ನಮ್ಮ ಗೈಡ್‌ಗೆ ನನ್ನದೇ ವಯಸ್ಸು, ಹೆಚ್ಚಂದ್ರೆ ಒಂದು ವರ್ಷ ದೊಡ್ಡವನು. ಕೆಳಗಿನ ಹಳ್ಳಿಯವನು. ಕೊನೇ ರಾತ್ರಿ ಟೀ ಕುಡೀತಾ ಕೇಳಿದೆ, ಆ ಶಬ್ದ ಬಂದಾಗ ಯಾಕೆ ಮೇಲೆ ನೋಡ್ದೆ ಅಂತ. ಅವನ ತಾತ ಹೇಳ್ತಿದ್ರಂತೆ, ಹಾಗೆ ಶಬ್ದ ಬಂದ್ರೆ ಹಿಂದಕ್ಕೆ ಹೋಗ್ಬೇಕು ಅಂತ. ಮತ್ತೆ ಯಾಕೆ ಹೋಗ್ಲಿಲ್ಲ? 38 ಜನ ದುಡ್ಡು ಕೊಟ್ಟು ಬಂದಿದ್ದಾರೆ, ತುದಿ ಮುಟ್ಟಿಸದಿದ್ರೆ ರಿವ್ಯೂಲಿ ಒಂದು ಸ್ಟಾರ್, ಮುಂದಿನ ಬ್ಯಾಚಿಗೆ ಕರೆಯಲ್ಲ. ದಿನಗೂಲಿ ಹುಡುಗ. ಬೀಕನ್ ಕೈಯಲ್ಲಿ ಹಿಡಿದೇ ಇರಲಿಲ್ಲ.

ಅವನಿಗೆ ಗೊತ್ತಿತ್ತು. ಇಲ್ಲ ಅನ್ನೋ ಅಧಿಕಾರ ಇರಲಿಲ್ಲ. ಆ ಅಧಿಕಾರವನ್ನ ಕಿತ್ಕೊಂಡಿದ್ದು ಕಂಪನಿ ಮಾತ್ರ ಅಲ್ಲ, ನಾವೂ. ಪ್ಯಾಕೇಜ್ ಐನೂರು ರೂಪಾಯಿ ಕಮ್ಮಿ ಎಲ್ಲಿದೆ ಅಂತ ಹುಡುಕಿದ ನಾವು. ತುದಿ ಸಿಗ್ಲಿಲ್ಲ ಅಂತ ರಿಫಂಡ್ ಕೇಳೋ ನಾವು.

2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ಗಡಿ ರಸ್ತೆ ಸಂಸ್ಥೆಯ ಕ್ಯಾಂಪಿನ ಮೇಲೆ ಹಿಮ ಕುಸೀತು. ಕಂಟೇನರ್‌ಗಳಲ್ಲಿ ಇದ್ದ 54 ಕಾರ್ಮಿಕರಲ್ಲಿ 8 ಜನ ಸತ್ರು. ಚಂಡೀಗಢದ ಡಿಜಿಆರ್‌ಇ, ಅಂದ್ರೆ ರಕ್ಷಣಾ ಇಲಾಖೆಯ ಹಿಮ ಅಧ್ಯಯನ ಸಂಸ್ಥೆ, ಹಿಂದಿನ ಸಂಜೆಯೇ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಕಾಗದದ ಮೇಲಿತ್ತು, ಜನ ಕಂಟೇನರ್‌ನಲ್ಲಿದ್ರು. ಹಿಮದಲ್ಲಿ ಕೆಲಸ ಮಾಡೋರ ತರಬೇತಿ ಯಾರ ಜವಾಬ್ದಾರಿ ಅಂತ ಕೇಳೋರು ಕಮ್ಮಿ. ಅವರು ರೀಲ್ ಮಾಡೋಕೆ ಹೋದವರಲ್ಲ, ಅದಕ್ಕೇ ನಮ್ಮ ಫೀಡಿಗೆ ಬರ್ಲಿಲ್ಲ.

ಇನ್ನು ಟ್ರೆಕ್ಕೇ ಬೇಡ, ಕಾರಲ್ಲಿ ಹೋಗಿ ಹಿಮ ಮುಟ್ಟಿ ಬರ್ತೀವಿ ಅನ್ನೋರು 2023ರ ಏಪ್ರಿಲ್ 4 ಹುಡುಕಿ ನೋಡಿ. ಸಿಕ್ಕಿಂನ ನಾಥುಲಾ ರಸ್ತೆ, 15ನೇ ಮೈಲಿ. ಪಾಸ್ ಇದ್ದದ್ದು 13ನೇ ಮೈಲಿವರೆಗೆ ಮಾತ್ರ. ಮುಂದೆ ಹೋದ್ರು. 7 ಪ್ರವಾಸಿಗರು ಸತ್ರು.

8/9

ನಾವು ಕೊಡಗಿನವರು, ಧೈರ್ಯ ರಕ್ತದಲ್ಲೇ ಇದೆ ಅಂತ ಒಬ್ಬರು ಬರೆದಿದ್ರು. ಮನೆಗೊಬ್ಬರು ಆರ್ಮಿ, ಗೊತ್ತು. ಜನರಲ್ ತಿಮ್ಮಯ್ಯ 1948ರ ನವೆಂಬರ್ 1ರಂದು ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದವರು, ಅದೂ ಗೊತ್ತು, ಮಡಿಕೇರಿ ಸನ್ನಿಸೈಡ್ ಮ್ಯೂಸಿಯಮ್ಮಿಗೆ ಶಾಲೆಯಿಂದ ಎಲ್ರೂ ಹೋಗಿದ್ದೀವಿ. ಆದ್ರೆ ಅದೇ ಆರ್ಮಿ ಯಾವ ಯೋಧನನ್ನೂ ಸೀದಾ ಸಿಯಾಚಿನ್ ಹತ್ತಿಸಲ್ಲ. ಮೊದಲು ಬೇಸ್ ಕ್ಯಾಂಪಿನ ಸಿಯಾಚಿನ್ ಬ್ಯಾಟಲ್ ಸ್ಕೂಲಿಗೆ ಕಳಿಸುತ್ತೆ. ನಮ್ಮ ದೊಡ್ಡಪ್ಪ ಅಲ್ಲಿ ಇದ್ದವರು, ಧೈರ್ಯದ ಮಾತು ಎತ್ತಿದ್ರೆ ಎದ್ದು ಹೊರಗೆ ಹೋಗ್ತಾರೆ. ಮೊನ್ನೆ ಇದನ್ನ ಬರೀತಿದ್ದೀನಿ ಅಂದಾಗ ಹೇಳಿದ್ದಿಷ್ಟೇ: "ಹಗ್ಗ ಕಟ್ಟು ಅಂದಾಗ ಯಾಕೆ ಅಂತ ಕೇಳ್ತಿರಲಿಲ್ಲ ಮಗ, ಗಂಟು ಸರಿ ಇದೆಯಾ ಅಂತ ಎರಡು ಸಲ ನೋಡ್ತಿದ್ವಿ."

ನಿಜ ಹೇಳ್ಬೇಕಂದ್ರೆ ಗುಡ್ಡ ಓದೋದನ್ನ ನಾವು ಕಲಿತಿರೋರೇ. 2018ರ ಆಗಸ್ಟ್. ಜೋಡುಪಾಲ, ಮಕ್ಕಂದೂರು. ನಮ್ಮೂರಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದ್ಲು, ನಮ್ಮ ಮನೆ ಅಲಮಾರಿಲಿ ಇನ್ನೂ ಆ ನೀರಿನ ಗೆರೆ ಇದೆ. 2020ರಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿಯೇ ಜಾರಿ ಅರ್ಚಕರ ಕುಟುಂಬವನ್ನ ತಗೊಂಡು ಹೋಯ್ತು. ಅಲ್ಲಿಂದೀಚೆಗೆ ಅಜ್ಜಿಯಂದಿರಿಗೂ ಗೊತ್ತು: ಅಂಗಳದಲ್ಲಿ ಬಿರುಕು ಕಂಡ್ರೆ, ಒರತೆ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದ್ರೆ, ಮರ ವಾಲಿದ್ರೆ ಮನೆ ಬಿಡಬೇಕು. ಹಿಮವೂ ಹೀಗೇ ಹೇಳುತ್ತೆ. ಪಕ್ಕದ ಇಳಿಜಾರಲ್ಲಿ ಹೊಸದಾಗಿ ಜಾರಿದ ಗುರುತು. ಕಾಲಿಟ್ಟಲ್ಲಿಂದ ಓಡೋ ಬಿರುಕು. ಧಪ್ ಶಬ್ದ. ಭಾರಿ ಹಿಮ ಬಿದ್ದ ಮರುದಿನ. ದಿಢೀರ್ ಬಿಸಿಲು. ಇಲ್ಲಿ ಬಿರುಕು ಕಂಡ್ರೆ ಗಂಟುಮೂಟೆ ಕಟ್ತೀವಿ, ಅಲ್ಲಿ ಬಿರುಕಿನ ಮುಂದೆ ಪೋಸ್ ಕೊಡ್ತೀವಿ.

ಇಯಾನ್ ಮೆಕ್‌ಕ್ಯಾಮನ್ ಅನ್ನೋ ಅಮೆರಿಕದ ಸಂಶೋಧಕ 715 ಹಿಮಕುಸಿತ ಅಪಘಾತಗಳನ್ನ ಕೂತು ಓದಿದ. ಸಿಕ್ಕವರಲ್ಲಿ ಎಷ್ಟೋ ಜನರಿಗೆ ಸೂಚನೆಗಳು ಕಣ್ಣೆದುರೇ ಇದ್ದವು. ಆದ್ರೂ ಹೋದ್ರು. ಯಾಕೆ? ಗೊತ್ತಿರೋ ದಾರಿ, ಮೊದಲೇ ಯಾರೋ ನಡೆದ ಹೆಜ್ಜೆ, ಜೊತೆಯವರ ಮುಂದೆ ಮರ್ಯಾದೆ, ಮುಂದೆ ಇರೋನಿಗೆ ಎಲ್ಲ ಗೊತ್ತು ಅನ್ನೋ ನಂಬಿಕೆ. ಕೊನೇದನ್ನ ಮತ್ತೊಮ್ಮೆ ಓದಿ. "ಗೈಡ್ ಇದ್ದಾರಲ್ಲ."

9/9

ಎಲ್ಲ ಸ್ನೋ ಟ್ರೆಕ್ಕೂ ಸಾವು ಅಂತ ನಾನು ಹೇಳ್ತಿಲ್ಲ. ಕಾಡಿನೊಳಗಿನ, ಇಳಿಜಾರು ಕಮ್ಮಿ ಇರೋ, ಮೇಲೆ ಯಾವ ದೊಡ್ಡ ಇಳಿಜಾರೂ ನೇತಾಡದ ದಾರಿಗಳಿವೆ, ನೆಮ್ಮದಿಯಾಗಿ ಹೋಗಿ ಬರಬಹುದು. ಹಿಮಕುಸಿತ ಒಂದೇ ಅಪಾಯವೂ ಅಲ್ಲ. 2024ರ ಜೂನ್‌ನಲ್ಲಿ ಸಹಸ್ರತಾಲ್‌ಗೆ ಹೋದ 22 ಜನರ ತಂಡದಲ್ಲಿ ನಮ್ಮ ರಾಜ್ಯದ 9 ಜನ ಸತ್ತದ್ದು ಹಿಮಗಾಳಿಗೆ, ಚಳಿಗೆ. ಯಾವ ದಾರಿ, ಯಾವ ದಿನ ಅನ್ನೋದನ್ನ ಕೇಳೋಕಾದ್ರೂ ಸ್ವಲ್ಪ ಗೊತ್ತಿರಬೇಕು ಅಂತಷ್ಟೇ ಹೇಳ್ತಿರೋದು.

ಗ್ರೂಪಲ್ಲಿ ನಾನು ಕೇಳಿದ್ದ ಮೂರು ಪ್ರಶ್ನೆ ಇವು. ದಾರಿಯಲ್ಲಿ 30 ಡಿಗ್ರಿ ದಾಟಿದ ಇಳಿಜಾರು ಎಲ್ಲೆಲ್ಲಿ ಇದೆ, ಅದರ ಮೇಲೋ ಕೆಳಗೋ ಎಷ್ಟು ಹೊತ್ತು ಇರ್ತೀವಿ? ಗೈಡ್ ಹಿಮಕುಸಿತದ ತರಬೇತಿ ಎಲ್ಲಿ, ಯಾವ ವರ್ಷ ಮಾಡಿದ್ದಾರೆ, ಅದರ ಖರ್ಚು ಕೊಟ್ಟವರು ಯಾರು? ಬೆಳಿಗ್ಗೆ ಬುಲೆಟಿನ್ ನೋಡಿ ಗೈಡ್ "ಬೇಡ" ಅಂದ್ರೆ ಅವನ ಕೂಲಿ ಉಳಿಯುತ್ತಾ?

ಕಲಿಯೋ ಮನಸ್ಸಿರೋರಿಗೆ ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿ, ಪಹಲ್ಗಾಮ್‌ನಲ್ಲಿ ಸರ್ಕಾರಿ ಪರ್ವತಾರೋಹಣ ಸಂಸ್ಥೆಗಳಿವೆ. ಸೀಟು ಬೇಗ ತುಂಬುತ್ತೆ. ನಮ್ಮ ರಾಜ್ಯದಲ್ಲೂ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ. ಪ್ರತಿ ವರ್ಷ ಇಷ್ಟು ಜನ ಕನ್ನಡಿಗರು ಹಿಮಕ್ಕೆ ಹೋಗುವಾಗ, ಬೆಂಗಳೂರಲ್ಲೇ ಎರಡು ದಿನ ಕನ್ನಡದಲ್ಲಿ ನಕ್ಷೆ ಓದೋದು, ಬೀಕನ್ ಹುಡುಕೋದು, ಅಗೆಯೋದು ಕಲಿಸೋಕೆ ಹಿಮವೇ ಬೇಕಾ? ನಮ್ಮ ಕಾಲೇಜಿನ ಅಡ್ವೆಂಚರ್ ಕ್ಲಬ್‌ನಿಂದ ಪತ್ರ ಬರೆಯೋಣ. ಕರಡು ನನ್ನ ಹತ್ರ ಇದೆ, ಸಹಿ ಹಾಕೋರು ಮೆಸೇಜ್ ಮಾಡಿ.

ನಿನ್ನೆ ನಾನೇ ಟ್ರೆಕ್ ಕಂಪನಿಗೆ ಫೋನ್ ಮಾಡಿದೆ. ತುಂಬಾ ಪ್ರೀತಿಯಿಂದ ಮಾತಾಡಿದ್ರು. "ಸೇಫ್ಟಿ ಕಿಟ್ ಇನ್‌ಕ್ಲೂಡೆಡ್" ಅಂದ್ರು. ಕಿಟ್‌ನಲ್ಲಿ ಏನಿದೆ ಅಂದೆ. ಆಕ್ಸಿಜನ್ ಸಿಲಿಂಡರ್, ಫಸ್ಟ್ ಏಡ್. ಸಲಿಕೆ? ಒಂದು ಕ್ಷಣ ಸುಮ್ಮನಿದ್ದು, "ಸಲಿಕೆ ಯಾಕೆ ಬೇಕು?" ಅಂದ್ರು.

ಅಡ್ವಾನ್ಸ್ ಕಟ್ಟೋಕೆ ಭಾನುವಾರ ಕೊನೇ ದಿನ. ಎಂ-ಸ್ಯಾಂಡ್ ರಾಶಿ ಸೋಮವಾರ ಕೆಲಸಕ್ಕೆ ಹೋಗುತ್ತಂತೆ, ಮೇಸ್ತ್ರಿ ಒಂದೇ ಒಂದು ಸಲ ಅಂತ ಒಪ್ಪಿದ್ದಾರೆ. ಶನಿವಾರ ಸಂಜೆ 4 ಗಂಟೆ, ನಮ್ಮ ಬೀದಿ. ಆ 14 ಜನರೂ ಬನ್ನಿ, ಕೋಳಿ ಸ್ಟಿಕರ್ ಹಾಕಿದವನು ಮೊದಲು ಬಾ. ಎರಡು ಸಲಿಕೆ ನನ್ನ ಹತ್ರ ಇದೆ, ಮನೇಲಿ ಇನ್ನೊಂದು ಇದ್ದೋರು ತನ್ನಿ.

#ಕುಶಾಲನಗರ #ಕೊಡಗು #ಹಿಮಕುಸಿತ #ಸಲಿಕೆಯಾಕೆಬೇಕು